ಎಷ್ಟು ಹತ್ತಿರ ಬರಬಹುದು? ಕೊಲಾಜೆನ್ ತಕರಾರು ಮತ್ತು ರಾಮಚಂದ್ರನ್ ನಕ್ಷೆ

ರಾತ್ರಿ ಕಾಲು ಸೂಪ್ ಮಾಡಿದ ಮನೆಯಲ್ಲಿ ಬೆಳಿಗ್ಗೆ ಎದ್ದು ಪಾತ್ರೆಯ ಮುಚ್ಚಳ ತೆಗೆದು ನೋಡಿ. ನೀರಿನಂತಿದ್ದ ಸೂಪು ತಣ್ಣಗಾಗಿ ಹೆಪ್ಪುಗಟ್ಟಿರುತ್ತದೆ. ಪಾತ್ರೆ ಅಲ್ಲಾಡಿಸಿದರೆ ಸಾಕು, ಇಡೀ ಗಡ್ಡೆ ನಡುಗುತ್ತದೆ. ಅದು ಜೆಲಾಟಿನ್. ಮೂಳೆ, ಚರ್ಮ, ಕೀಲುಗಳನ್ನು ಕಟ್ಟಿ ಹಿಡಿದಿರುವ ಕೊಲಾಜೆನ್ ಎಂಬ ಪ್ರೋಟೀನ್ ಕುದಿದು ಬಿಚ್ಚಿಕೊಂಡಾಗ ಆಗುವುದೇ ಅದು. ನಮ್ಮ ಮೈಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಪ್ರೋಟೀನ್ ಇದೇ.

ಬಿಚ್ಚಿಕೊಂಡಿತು ಅಂದೆ. ಹಾಗಾದರೆ ಮೊದಲು ಅದು ಹೇಗೆ ಹೆಣೆದುಕೊಂಡಿತ್ತು? 1952ರಲ್ಲಿ ಈ ಪ್ರಶ್ನೆಗೆ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಉತ್ತರ ಹುಡುಕಲು ಹೊರಟ ಮದ್ರಾಸಿನ ಒಂದು ಚಿಕ್ಕ ಗುಂಪು ಏನು ಮಾಡಿತು, ಅವರ ಉತ್ತರಕ್ಕೆ ತಕರಾರು ಬಂದಾಗ ಏನು ಮಾಡಿತು, ಆ ತಕರಾರಿನಿಂದ ಏನು ಹುಟ್ಟಿತು ಎಂಬುದು ಈ ಪ್ರಕರಣ. ತಕರಾರಿಗೆ ಅವರು ಉತ್ತರ ಕೊಟ್ಟ ರೀತಿ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಹಾಗಾಗಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಎಲೆಕ್ಟ್ರಿಕಲ್ ಬಿಟ್ಟು ಬಂದ ಹುಡುಗ

ಜಿ. ಎನ್. ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಂದೆ ಗಣಿತದ ಮೇಷ್ಟ್ರು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಜಾಗಕ್ಕೆ, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಸೇರಿದರು. ಆಗ ಅಲ್ಲಿ ಸಿ. ವಿ. ರಾಮನ್ ಇದ್ದರು. ಹುಡುಗನ ಚುರುಕು ಕಂಡು ತಮ್ಮ ಭೌತಶಾಸ್ತ್ರ ವಿಭಾಗಕ್ಕೇ ಎಳೆದುಕೊಂಡರು. ಹರಳುಗಳ ಮೇಲೆ ಎಕ್ಸ್-ರೇ ಬಿಟ್ಟು ಒಳಗಿನ ಜೋಡಣೆ ತಿಳಿಯುವ ಕೆಲಸ ರಾಮಚಂದ್ರನ್ ಕೈಗೆ ಹತ್ತಿದ್ದು ಅಲ್ಲೇ. ಆಮೇಲೆ ಎರಡು ವರ್ಷ ಕೇಂಬ್ರಿಜ್‌ನಲ್ಲಿದ್ದರು. 1949ರಲ್ಲಿ ಬೆಂಗಳೂರಿಗೆ ವಾಪಸು ಬಂದರು. 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ವಯಸ್ಸು ಇನ್ನೂ ಮೂವತ್ತರ ಆಸುಪಾಸು.

ಅದೇ ವರ್ಷ ಜೆ. ಡಿ. ಬರ್ನಾಲ್ ಮದ್ರಾಸಿಗೆ ಬಂದಿದ್ದರು. ಪ್ರೋಟೀನುಗಳ ಎಕ್ಸ್-ರೇ ಅಧ್ಯಯನಕ್ಕೆ ದಾರಿ ಹಾಕಿದವರಲ್ಲಿ ಒಬ್ಬರು ಅವರು. ಮಾತಿನ ಮಧ್ಯೆ ಕೊಲಾಜೆನ್ ವಿಷಯ ಬಂತು. ಅದರ ರಚನೆ ಇನ್ನೂ ಬಗೆಹರಿದಿಲ್ಲ ಅಂದರು. ಒಂದು ವರ್ಷದ ಹಿಂದೆ, 1951ರಲ್ಲಿ, ಅಮೆರಿಕದ ವಿಜ್ಞಾನಿಗಳಾದ ಲೈನಸ್ ಪಾಲಿಂಗ್ ಮತ್ತು ಕೋರಿ ಅವರು ಆಲ್ಫಾ ಹೆಲಿಕ್ಸ್ (ಪ್ರೋಟೀನ್ ಸರಪಳಿ ಸುರುಳಿ ಸುತ್ತಿಕೊಳ್ಳುವ ಒಂದು ರೀತಿ) ಜೊತೆಗೆ ಕೊಲಾಜೆನ್ನಿಗೂ ಒಂದು ಮಾದರಿ ಕೊಟ್ಟಿದ್ದರು. ಆಲ್ಫಾ ಹೆಲಿಕ್ಸ್ ನಿಂತಿತು, ಕೊಲಾಜೆನ್ ಮಾದರಿ ನಿಲ್ಲಲಿಲ್ಲ.

ಕಾಂಗರೂ ಬಾಲ

ಮದ್ರಾಸಿನಲ್ಲಿ ಒಂದು ಅನುಕೂಲವಿತ್ತು. ವಿಶ್ವವಿದ್ಯಾಲಯದ ಪಕ್ಕದಲ್ಲೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ. ಚರ್ಮ ಅಂದರೆ ಕೊಲಾಜೆನ್ನೇ. ಚೆನ್ನಾಗಿ ಎಕ್ಸ್-ರೇ ಚಿತ್ರ ಬರಬೇಕಾದರೆ ಎಳೆಗಳು ಒಂದೇ ದಿಕ್ಕಿಗೆ ಮಲಗಿರುವ ತುಣುಕು ಬೇಕು. ಅಂಥದ್ದು ಸಿಕ್ಕಿದ್ದು ಆ ಸಂಸ್ಥೆಯಿಂದ: ಕಾಂಗರೂ ಬಾಲದಲ್ಲಿ ಮಾಂಸವನ್ನು ಮೂಳೆಗೆ ಬಿಗಿದಿರುವ ಬಿಳಿ ನಾರು. ಗೋಪಿನಾಥ ಕರ್ತಾ ಎಂಬ ಯುವ ವಿಜ್ಞಾನಿ ರಾಮಚಂದ್ರನ್ ಜೊತೆಗಿದ್ದರು.

ಎಕ್ಸ್-ರೇ ಚಿತ್ರದಲ್ಲಿ ಕಾಣುವುದು ಸುಮ್ನೆ ಕೆಲವು ಮಸುಕು ಚುಕ್ಕೆ, ಬಿಲ್ಲಿನಂಥ ಗೆರೆ. ಅದರಿಂದ ನೇರವಾಗಿ ರಚನೆ ಓದಲು ಆಗುವುದಿಲ್ಲ. ಬೇರೆ ಸುಳಿವು ಬೇಕು. ಆ ಸುಳಿವು ರಸಾಯನಶಾಸ್ತ್ರದಿಂದ ಬಂತು. ಪ್ರೋಟೀನ್ ಅಂದರೆ ಅಮೈನೋ ಆಮ್ಲ ಎಂಬ ಚಿಕ್ಕ ಅಣುಗಳು ಒಂದಕ್ಕೊಂದು ಸೇರಿ ಆದ ಸರಪಳಿ. ಕೊಲಾಜೆನ್ನಿನ ಅಮೈನೋ ಆಮ್ಲಗಳಲ್ಲಿ ಮೂರರಲ್ಲಿ ಒಂದು ಪಾಲು ಗ್ಲೈಸಿನ್. ಬೇರೆ ಎಲ್ಲ ಅಮೈನೋ ಆಮ್ಲಗಳಿಗೂ ಪಕ್ಕಕ್ಕೆ ಚಾಚಿದ ಒಂದು ಗುಂಪು ಇರುತ್ತದೆ. ಗ್ಲೈಸಿನ್‌ಗೆ ಮಾತ್ರ ಆ ಜಾಗದಲ್ಲಿ ಒಂದೇ ಒಂದು ಹೈಡ್ರೋಜನ್.

ಇಲ್ಲಿ ಅವರ ಯೋಚನೆ ನೋಡಿ, ಎಷ್ಟು ಸರಳ! ಮೂರು ಸರಪಳಿ ಒಟ್ಟಿಗೆ ಸುತ್ತಿಕೊಂಡಿವೆ ಅಂದುಕೊಳ್ಳಿ. ನಡುವೆ ಜಾಗ ತೀರಾ ಇಕ್ಕಟ್ಟು. ಅಲ್ಲಿ ಕೂರಲು ಆಗುವುದು ಪಕ್ಕಗುಂಪು ಇಲ್ಲದ ಗ್ಲೈಸಿನ್‌ಗೆ ಮಾತ್ರ. ಒಂದೊಂದು ಸರಪಳಿಯೂ ಪ್ರತಿ ಮೂರನೇ ಹೆಜ್ಜೆಗೆ ಒಳಕ್ಕೆ ಮುಖ ಮಾಡುತ್ತದೆ. ಹಾಗಾಗಿ ಪ್ರತಿ ಮೂರನೆಯದು ಗ್ಲೈಸಿನ್ ಆಗಿರಲೇಬೇಕು. ಮೂರರಲ್ಲಿ ಒಂದು ಪಾಲು ಎಂಬ ಲೆಕ್ಕ ಸರಿಯಾಗಿ ಕೂತುಬಿಟ್ಟಿತು. ಕೊಲಾಜೆನ್ನಿನ ಅಮೈನೋ ಆಮ್ಲಗಳ ಸಾಲು ಯಾರಿಗೂ ಪೂರ್ತಿ ಗೊತ್ತಿಲ್ಲದ ಕಾಲ ಅದು. ಆ ಸಾಲು ಹೇಗಿರಬೇಕು ಅಂತ ರಚನೆಯಿಂದಲೇ ಹೇಳಿದ ಹಾಗಾಯಿತು. 1954ರಲ್ಲಿ ನೇಚರ್ ಪತ್ರಿಕೆಯಲ್ಲಿ ರಾಮಚಂದ್ರನ್ ಮತ್ತು ಕರ್ತಾ ಅವರ ಪ್ರಬಂಧ ಬಂತು.

ಆದರೆ ಆ ಮೊದಲ ಮಾದರಿಯಲ್ಲಿ ಮೂರು ಸುರುಳಿಗಳು ಪಕ್ಕಪಕ್ಕ ನೆಟ್ಟಗೆ ನಿಂತಿದ್ದವು. ಎಕ್ಸ್-ರೇ ಚಿತ್ರದ ವಿವರಗಳಿಗೆ ಅದು ಪೂರ್ತಿ ಹೊಂದಲಿಲ್ಲ. ಮುಂದಿನ ವರ್ಷ, 1955ರಲ್ಲಿ, ಅವರೇ ಅದನ್ನು ತಿದ್ದಿದರು. ಸುರುಳಿಗಳು ನೆಟ್ಟಗಿಲ್ಲ, ಒಂದರ ಸುತ್ತ ಒಂದು ಸುತ್ತಿಕೊಂಡಿವೆ. ಸುರುಳಿಯೊಳಗೊಂದು ಸುರುಳಿ.

ತೆಂಗಿನ ನಾರಿನಲ್ಲಿ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮೊದಲು ಒಂದೊಂದು ಎಳೆಯನ್ನೂ ಒಂದು ಕಡೆಗೆ ಹುರಿ ಮಾಡುತ್ತಾರೆ. ಆಮೇಲೆ ಎಳೆಗಳನ್ನು ಸೇರಿಸಿ ಎದುರು ದಿಕ್ಕಿಗೆ ಸುತ್ತುತ್ತಾರೆ. ಎಳೆ ಬಿಚ್ಚಿಕೊಳ್ಳಲು ಹೋದರೆ ಹಗ್ಗ ಬಿಗಿಯಾಗುತ್ತದೆ, ಹಗ್ಗ ಬಿಚ್ಚಿಕೊಳ್ಳಲು ಹೋದರೆ ಎಳೆ ಬಿಗಿಯಾಗುತ್ತದೆ. ಕೊಲಾಜೆನ್ನಿನಲ್ಲೂ ಅಷ್ಟೇ. ಒಂದೊಂದು ಸರಪಳಿ ಎಡಕ್ಕೆ ತಿರುಚಿಕೊಂಡಿದೆ, ಮೂರೂ ಸೇರಿ ಬಲಕ್ಕೆ ಸುತ್ತಿಕೊಂಡಿವೆ. ನಮ್ಮ ಮೈಯ ಭಾರ ಹೊರುವ ನಾರು ಹಗ್ಗದ ಹಾಗೇ ಹೊಸೆದುಕೊಂಡಿದೆ ಅನ್ನುವುದು ಪ್ರತಿ ಸಲ ಓದಿದಾಗಲೂ ನನಗೆ ಮೈ ಜುಮ್ಮೆನ್ನಿಸುತ್ತದೆ.

ತಕರಾರು

1955ರಲ್ಲೇ ಕೇಂಬ್ರಿಜ್‌ನಿಂದ ಇನ್ನೊಂದು ಪ್ರಬಂಧ ಬಂತು. ಬರೆದವರು ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್. ಡಿಎನ್‌ಎ ಜೋಡಿ ಸುರುಳಿ ಬಂದು ಎರಡೇ ವರ್ಷವಾಗಿತ್ತು, ಅದನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಕ್ರಿಕ್ ಮಾತಿಗೆ ತೂಕ ಜಾಸ್ತಿ. ಮೂರು ಎಳೆಯ ಸುರುಳಿ ಎಂಬುದನ್ನು ಅವರು ಅಲ್ಲಗಳೆಯಲಿಲ್ಲ. ಅವರ ಮಾದರಿಯೂ ಮೂರು ಎಳೆಯದೇ. ಆದರೆ ಮದ್ರಾಸಿನ ಮಾದರಿಯಲ್ಲಿ ಎರಡು ತಪ್ಪು ಹಿಡಿದರು.

ಒಂದು, ಹೈಡ್ರೋಜನ್ ಬಂಧಗಳ, ಅಂದರೆ ಸರಪಳಿಗಳನ್ನು ಒಂದಕ್ಕೊಂದು ಹಿಡಿದಿಡುವ ಹಗುರ ಬಂಧಗಳ ಲೆಕ್ಕ. ಪ್ರತಿ ಮೂರು ಅಮೈನೋ ಆಮ್ಲಕ್ಕೆ ಎರಡು ಬಂಧ ಅಂತ ಮದ್ರಾಸಿನವರು ಹೇಳಿದ್ದರು. ಒಂದೇ ಸಾಧ್ಯ ಅಂದರು ಕೇಂಬ್ರಿಜ್‌ನವರು. ಇನ್ನೊಂದು, ಎರಡು ಬಂಧ ಬರಲಿ ಅಂತ ಸರಪಳಿಗಳನ್ನು ಅಷ್ಟು ಬಿಗಿಯಾಗಿ ಒತ್ತಿದ್ದರಿಂದ ಕೆಲವು ಪರಮಾಣುಗಳು ಒಂದಕ್ಕೊಂದು ಇರಬಾರದಷ್ಟು ಹತ್ತಿರ ಬಂದಿವೆ ಎಂಬ ಆಕ್ಷೇಪ.

ಈ ಎರಡನೇ ಆಕ್ಷೇಪ ಸಣ್ಣದಲ್ಲ. ಪರಮಾಣುಗಳಿಗೂ ಮೈ ಇದೆ. ಬಂಧವಿಲ್ಲದ ಎರಡು ಪರಮಾಣುಗಳು ಒಂದು ಮಿತಿಗಿಂತ ಹತ್ತಿರ ಬಂದರೆ ತಳ್ಳಾಡುತ್ತವೆ. ಆ ಮಿತಿ ಮೀರಿದ ಮಾದರಿ ಕಾಗದದ ಮೇಲೆ ಚೆನ್ನಾಗಿ ಕಾಣಬಹುದು, ಮೈಯೊಳಗೆ ಇರಲಾರದು.

ಇಂಥ ಹೊತ್ತಲ್ಲಿ ಏನು ಮಾಡಬಹುದು? ಪತ್ರಿಕೆಗೆ ಉತ್ತರ ಬರೆದು ಜಗಳ ಮುಂದುವರಿಸಬಹುದು. ಮದ್ರಾಸಿಗೂ ಕೇಂಬ್ರಿಜ್‌ಗೂ ಇದ್ದ ಅಂತರ ನೋಡಿದರೆ ನೊಂದುಕೊಂಡು ಸುಮ್ಮನಾಗಿಬಿಡುವುದೂ ಸುಲಭವಿತ್ತು. ರಾಮಚಂದ್ರನ್ ಹಿಡಿದಿದ್ದು ಬೇರೆ ಪ್ರಶ್ನೆ. ತೀರಾ ಹತ್ತಿರ ಅನ್ನುತ್ತಾರಲ್ಲ, ಎಷ್ಟು ಹತ್ತಿರ ಬಂದರೆ ತೀರಾ ಹತ್ತಿರ? ಆ ಮಿತಿ ಅಳೆದವರು ಯಾರು?

ಹುಡುಕಿದರೆ, ಗಟ್ಟಿಯಾದ ಪಟ್ಟಿ ಎಲ್ಲೂ ಇರಲಿಲ್ಲ. ಎಲ್ಲರೂ ಬಳಸುತ್ತಿದ್ದದ್ದು ಅಂದಾಜಿನ ಅಂಕಿಗಳು. ಹಾಗಾಗಿ ಅವರು ತಮ್ಮ ವಿದ್ಯಾರ್ಥಿ ವಿ. ಶಶಿಶೇಖರನ್ ಜೊತೆ ಕೂತು, ಆವರೆಗೆ ಪ್ರಕಟವಾಗಿದ್ದ ಅಮೈನೋ ಆಮ್ಲ, ಚಿಕ್ಕ ಪೆಪ್ಟೈಡ್ (ಕೆಲವೇ ಅಮೈನೋ ಆಮ್ಲಗಳ ಸರಪಳಿ) ಮುಂತಾದ ಹರಳುಗಳ ರಚನೆಗಳನ್ನು ತೆಗೆದು ನೋಡಿದರು. ಯಾವ ಪರಮಾಣು ಯಾವುದರ ಪಕ್ಕ ಎಷ್ಟು ದೂರದಲ್ಲಿ ನಿಜವಾಗಿ ಕೂತಿದೆ ಅಂತ ಒಂದೊಂದಾಗಿ ಲೆಕ್ಕ ಹಾಕಿದರು. ಪ್ರತಿ ಜೋಡಿಗೂ ಎರಡು ಅಂಕಿ ಬಂದವು: ಸಾಮಾನ್ಯವಾಗಿ ಕಾಣುವ ಕನಿಷ್ಠ ದೂರ ಮತ್ತು ಅಪರೂಪಕ್ಕೆ ಕಾಣುವ ಕೊನೆಯ ಮಿತಿ. ಎರಡು ಕಾರ್ಬನ್‌ಗಳ ನಡುವೆ 3.2 ಮತ್ತು 3.0 ಆಂಗ್‌ಸ್ಟ್ರಾಂ. ಎರಡು ಹೈಡ್ರೋಜನ್‌ಗಳ ನಡುವೆ 2.0 ಮತ್ತು 1.9. ಒಂದು ಆಂಗ್‌ಸ್ಟ್ರಾಂ ಅಂದರೆ ಒಂದು ಸೆಂಟಿಮೀಟರಿನಲ್ಲಿ ಹತ್ತು ಕೋಟಿಯ ಒಂದು ಪಾಲು.

ಇದು ಯಾರೂ ಚಪ್ಪಾಳೆ ತಟ್ಟದ ಕೆಲಸ. ಬೇರೆಯವರ ಪ್ರಬಂಧಗಳ ಕೋಷ್ಟಕ ತೆರೆದು, ಅಂಕಿ ಬರೆದುಕೊಂಡು, ದೂರ ಲೆಕ್ಕ ಹಾಕುವುದು. ಪ್ರಕರಣದ ತಿರುಳು ಇಲ್ಲೇ ಇದೆ ಅಂತ ನಾನು ನಂಬಿದ್ದೇನೆ.

ಎರಡು ಇಸ್ಪೀಟ್ ಎಲೆ

ಪಟ್ಟಿ ಕೈಗೆ ಬಂದ ಮೇಲೆ ಅದನ್ನು ಕೊಲಾಜೆನ್‌ಗೆ ಮಾತ್ರ ಯಾಕೆ ಬಳಸಬೇಕು? ಯಾವ ಪ್ರೋಟೀನಿಗೆ ಬೇಕಾದರೂ ಇದೇ ಪ್ರಶ್ನೆ ಕೇಳಬಹುದಲ್ವಾ?

ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಪ್ರಯೋಗ ಹೇಳುತ್ತೇನೆ. ಎರಡು ಇಸ್ಪೀಟ್ ಎಲೆ ತಗೊಳ್ಳಿ. ಒಂದರ ಮೂಲೆಯನ್ನು ಇನ್ನೊಂದರ ಮೂಲೆಗೆ ದಾರದಿಂದ ಕಟ್ಟಿ. ಎಲೆ ಮಡಚುವಂತಿಲ್ಲ, ಗಂಟಿನ ಹತ್ತಿರ ತಿರುಗಿಸಬಹುದು ಅಷ್ಟೇ. ಪ್ರೋಟೀನ್ ಸರಪಳಿಯೂ ಹೀಗೇ ಇದೆ. ಒಂದು ಅಮೈನೋ ಆಮ್ಲ ಇನ್ನೊಂದಕ್ಕೆ ಸೇರುವ ಪ್ರತಿ ಪೆಪ್ಟೈಡ್ ತುಂಡೂ ಎಲೆಯ ಹಾಗೆ ಚಪ್ಪಟೆ, ಗಟ್ಟಿ. ಎರಡು ತುಂಡು ಸೇರುವ ಗಂಟಿನಲ್ಲಿ ಒಂದು ಕಾರ್ಬನ್. ಗಂಟಿನ ಈ ಕಡೆಯ ಎಲೆ ಎಷ್ಟು ತಿರುಗಿದೆ, ಆ ಕಡೆಯದು ಎಷ್ಟು ತಿರುಗಿದೆ ಎಂಬ ಎರಡೇ ಕೋನ ಗೊತ್ತಾದರೆ ಅಲ್ಲಿನ ಆಕಾರ ಗೊತ್ತಾಯಿತು. ಈ ಕೋನಗಳನ್ನು ಈಗ ಫೈ ಮತ್ತು ಸೈ ಅನ್ನುತ್ತಾರೆ.

ಈಗ ಎಲೆಗಳನ್ನು ತಿರುಗಿಸುತ್ತಾ ಹೋಗಿ. ಸ್ವಲ್ಪ ಹೊತ್ತಲ್ಲೇ ಅಂಚಿಗೆ ಅಂಚು ತಾಗುತ್ತದೆ. ನಿಜವಾದ ಪ್ರೋಟೀನಿನಲ್ಲಿ ಆ ಅಂಚುಗಳಲ್ಲಿ ಆಕ್ಸಿಜನ್, ಹೈಡ್ರೋಜನ್ ಕೂತಿರುತ್ತವೆ. ಗಂಟಿನ ಕಾರ್ಬನ್‌ಗೆ ಪಕ್ಕಗುಂಪೂ ಅಂಟಿಕೊಂಡಿರುತ್ತದೆ. ಯಾವ ಕೋನದಲ್ಲಿ ಇವು ಡಿಕ್ಕಿ ಹೊಡೆಯುತ್ತವೆ, ಯಾವುದರಲ್ಲಿ ಇಲ್ಲ?

ಈ ಲೆಕ್ಕಕ್ಕೆ ಕೂತವರು ಸಿ. ರಾಮಕೃಷ್ಣನ್. ಕಂಪ್ಯೂಟರ್ ಕೈಗೆ ಸಿಗದ ಕಾಲ. ಮೇಜಿನ ಮೇಲಿನ ಲೆಕ್ಕದ ಯಂತ್ರ ಇಟ್ಟುಕೊಂಡು ಒಂದೊಂದು ಜೋಡಿ ಕೋನಕ್ಕೂ ಎಲ್ಲ ಪರಮಾಣುಗಳ ದೂರ ಕಂಡುಹಿಡಿದು, ಆ ಪಟ್ಟಿಯ ಮಿತಿಗೆ ಹೋಲಿಸಬೇಕು. ಡಿಕ್ಕಿ ಇಲ್ಲದಿದ್ದರೆ ಆ ಜಾಗ ಸರಿ. ಇದ್ದರೆ ನಿಷಿದ್ಧ. ಅಡ್ಡಕ್ಕೆ ಫೈ, ಉದ್ದಕ್ಕೆ ಸೈ ಇಟ್ಟು ಒಂದು ಚೌಕ ಬರೆದು ಸರಿಯಾದ ಜಾಗಗಳನ್ನೆಲ್ಲ ಗುರುತು ಹಾಕಿದರು. ಎಲ್ಲ ಮುಗಿದಾಗ ಚೌಕದೊಳಗೆ ಕೆಲವು ದ್ವೀಪಗಳು ಉಳಿದವು. ಗ್ಲೈಸಿನ್ ಬಿಟ್ಟರೆ ಬೇರೆ ಅಮೈನೋ ಆಮ್ಲಗಳಿಗೆ ಚೌಕದ ಮುಕ್ಕಾಲು ಪಾಲಿಗಿಂತ ಜಾಸ್ತಿ ಜಾಗ ಬಾಗಿಲು ಮುಚ್ಚಿದ ಹಾಗೆ. ಉಳಿದ ದ್ವೀಪಗಳಲ್ಲಿ ನೋಡಿದರೆ ಒಂದರಲ್ಲಿ ಪಾಲಿಂಗ್ ಅವರ ಆಲ್ಫಾ ಹೆಲಿಕ್ಸ್, ಇನ್ನೊಂದರಲ್ಲಿ ಬೀಟಾ ಹಾಳೆ, ಅಂದರೆ ಚಾಚಿಕೊಂಡ ಸರಪಳಿಗಳು ಪಕ್ಕಪಕ್ಕ ಸೇರಿ ಆಗುವ ಹಾಳೆ. ಬೀಟಾ ಇರುವ ದ್ವೀಪದಲ್ಲೇ ಕೊಲಾಜೆನ್ನೂ ಇತ್ತು.

1963ರಲ್ಲಿ ಇದು ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿಯಲ್ಲಿ ಪ್ರಕಟವಾಯಿತು. ಪ್ರಬಂಧದ ಮೇಲೆ ಮೂರು ಹೆಸರು: ರಾಮಚಂದ್ರನ್, ರಾಮಕೃಷ್ಣನ್, ಶಶಿಶೇಖರನ್. ಜಗತ್ತು ಅದನ್ನು ರಾಮಚಂದ್ರನ್ ನಕ್ಷೆ ಅಂತ ಕರೆಯಿತು. ಪಾಠ ಹೇಳುವಾಗ ನಾನು ಉಳಿದ ಎರಡು ಹೆಸರನ್ನೂ ಬೋರ್ಡಿನ ಮೇಲೆ ಬರೆಯುತ್ತೇನೆ. ಬರೆಯದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ.

ಆ ಹೊತ್ತಿಗೆ ಪರಮಾಣು ಮಟ್ಟದಲ್ಲಿ ರಚನೆ ಗೊತ್ತಿದ್ದ ಪ್ರೋಟೀನುಗಳೇ ಬಹಳ ಕಮ್ಮಿ. ಜಾನ್ ಕೆಂಡ್ರೂ ಬಿಡಿಸಿದ ಮಯೋಗ್ಲೋಬಿನ್ ಎಂಬ ಪ್ರೋಟೀನಿನ ರಚನೆ ಹೊರಬಂದು ಕೆಲವೇ ವರ್ಷವಾಗಿತ್ತು. ಹಾಗಿರುವಾಗ, ಮುಂದೆ ಬರುವ ಪ್ರೋಟೀನುಗಳು ಎಲ್ಲಿ ಇರಬಹುದು, ಎಲ್ಲಿ ಇರಲಾರವು ಅಂತ ಮೊದಲೇ ಗೆರೆ ಎಳೆದಿಟ್ಟರು. ಆಮೇಲೆ ಒಂದರ ಹಿಂದೆ ಒಂದು ರಚನೆ ಬಂದವು. ಒಂದೊಂದು ಅಮೈನೋ ಆಮ್ಲದ ಕೋನಗಳಿಗೆ ಒಂದೊಂದು ಚುಕ್ಕೆ ಇಟ್ಟರೆ, ಚುಕ್ಕೆಗಳು ಬಹುಪಾಲು ಅದೇ ದ್ವೀಪಗಳಲ್ಲಿ ಬಂದು ಬಿದ್ದವು.

ಒಂದು ಕೆಂಪು ಚುಕ್ಕೆ

ಇದರ ಬೆಲೆ ನನಗೆ ತಿಳಿದದ್ದು ಪುಸ್ತಕದಿಂದ ಅಲ್ಲ. ಸಂಶೋಧನೆಯ ದಿನಗಳಲ್ಲಿ ಒಂದು ಪ್ರೋಟೀನಿನ ರಚನೆ ಕಟ್ಟುತ್ತಿದ್ದೆ. ಎಲ್ಲ ಮುಗಿಯಿತು ಅನ್ನುವ ಹೊತ್ತಿಗೆ ನಕ್ಷೆ ತೆರೆದರೆ, ದ್ವೀಪಗಳಿಂದ ದೂರ ಒಂಟಿಯಾಗಿ ಒಂದು ಕೆಂಪು ಚುಕ್ಕೆ. ಲ್ಯಾಬಿನಲ್ಲಿ ಇದನ್ನು ಔಟ್‌ಲೈಯರ್ ಅನ್ನುತ್ತೇವೆ. ಒಂದೇ ತಾನೆ, ಬಿಟ್ಟುಬಿಡೋಣ ಅನ್ನಿಸಿತು. ಮನಸ್ಸು ಒಪ್ಪಲಿಲ್ಲ. ಆ ಜಾಗಕ್ಕೆ ಹೋಗಿ ಎಲೆಕ್ಟ್ರಾನ್ ಸಾಂದ್ರತೆಯ ನೀಲಿ ಬಲೆಯೊಳಗೆ, ಅಂದರೆ ಪರಮಾಣುಗಳು ಎಲ್ಲಿವೆ ಅಂತ ಪ್ರಯೋಗ ತೋರಿಸುವ ಚಿತ್ರದೊಳಗೆ, ಇಣುಕಿದೆ. ಪೆಪ್ಟೈಡಿನ ಒಂದು ತುಂಡನ್ನು ಉಲ್ಟಾ ಕೂರಿಸಿದ್ದೆ. ಆಕ್ಸಿಜನ್ ಈ ಕಡೆ ಇರಬೇಕಾದದ್ದು ಆ ಕಡೆ ನೋಡುತ್ತಿತ್ತು. ತಿರುಗಿಸಿದ ತಕ್ಷಣ ಚುಕ್ಕೆ ದ್ವೀಪದೊಳಗೆ ಬಂತು. ಪಕ್ಕದಲ್ಲಿ ಒಂದು ಹೈಡ್ರೋಜನ್ ಬಂಧವೂ ಸರಿಯಾಗಿ ಕೂತಿತು. ಆ ಬಂಧ ಅಲ್ಲಿ ಯಾಕಿಲ್ಲ ಅಂತ ನಾವು ಅದಕ್ಕೂ ಮುಂಚೆ ಎಷ್ಟೋ ದಿನ ತಲೆ ಕೆಡಿಸಿಕೊಂಡಿದ್ದೆವು.

ಹೊರಗೆ ಬಿದ್ದ ಚುಕ್ಕೆಯೆಲ್ಲ ತಪ್ಪೇ ಆಗಿರಬೇಕಿಲ್ಲ. ಕೆಲವು ಸಲ ಪ್ರೋಟೀನು ತನ್ನ ಕೆಲಸ ಮಾಡುವ ಜಾಗದಲ್ಲಿ ನಿಜವಾಗಿಯೂ ಕಷ್ಟಪಟ್ಟು ತಿರುಚಿಕೊಂಡಿರುತ್ತದೆ. ಆಗ ಆ ಚುಕ್ಕೆಯೇ ದೊಡ್ಡ ಸುಳಿವು. ಎರಡರಲ್ಲಿ ಯಾವುದಾದರೂ ಸರಿ, ಅಲ್ಲಿ ಹೋಗಿ ನೋಡು ಅಂತ ನಕ್ಷೆ ಬೆರಳು ತೋರಿಸುತ್ತದೆ. ಜಗತ್ತಿನ ಪ್ರೋಟೀನ್ ರಚನೆಗಳನ್ನೆಲ್ಲ ಸೇರಿಸಿಡುವ ಪ್ರೋಟೀನ್ ಡೇಟಾ ಬ್ಯಾಂಕ್ 1971ರಲ್ಲಿ ಏಳು ರಚನೆಗಳಿಂದ ಶುರುವಾಯಿತು. ಈಗ 2 ಲಕ್ಷಕ್ಕೂ ಜಾಸ್ತಿ ಇವೆ. ಅಲ್ಲಿಗೆ ಪ್ರೋಟೀನ್ ರಚನೆ ಕಳಿಸುವ ಪ್ರತಿಯೊಬ್ಬರಿಗೂ ಬರುವ ಪರಿಶೀಲನಾ ವರದಿಯಲ್ಲಿ ಈ ನಕ್ಷೆಯ ಲೆಕ್ಕಕ್ಕೆ ಒಂದು ಸಾಲು ಇದ್ದೇ ಇರುತ್ತದೆ. ಈಗ ಕಂಪ್ಯೂಟರ್ ಊಹಿಸಿ ಕೊಡುವ ರಚನೆಗಳನ್ನೂ ಇದೇ ಚೌಕದಲ್ಲಿಟ್ಟು ನೋಡುತ್ತೇವೆ.

ಮತ್ತೆ ಬೆಂಗಳೂರು

1971ರಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಬಂದರು. ಆಗ ಸತೀಶ್ ಧವನ್ ವಿಜ್ಞಾನ ಸಂಸ್ಥೆಯ ನಿರ್ದೇಶಕರು. ಅವರ ಆಹ್ವಾನದ ಮೇಲೆ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಶಶಿಶೇಖರನ್, ರಾಮಕೃಷ್ಣನ್ ಕೂಡ ಬಂದರು. ಆಕ್ಸ್‌ಫರ್ಡ್‌ನಲ್ಲಿ ಡೊರೊಥಿ ಹಾಡ್ಜ್‌ಕಿನ್ ಅವರ ಜೊತೆ ಇನ್ಸುಲಿನ್ ಮೇಲೆ ಕೆಲಸ ಮಾಡಿದ್ದ ಎಂ. ವಿಜಯನ್ ಸೇರಿದರು. ನಮ್ಮ ದೇಶದಲ್ಲಿ ಪ್ರೋಟೀನ್ ಹರಳುಗಳ ಅಧ್ಯಯನ ಬೇರೂರಿದ್ದು ಅವರಿಂದ. ಮುಂದೆ ಸಂಸ್ಥೆಯ ನಿರ್ದೇಶಕರಾದ ಪಿ. ಬಲರಾಂ ಬೆಳೆದದ್ದೂ ಇದೇ ವಿಭಾಗದಲ್ಲಿ. ಕೊಲಾಜೆನ್ ಪ್ರಬಂಧದ ಕರ್ತಾ ಮಾತ್ರ ಅಮೆರಿಕಕ್ಕೆ ಹೋಗಿದ್ದರು. 1967ರಲ್ಲಿ ಅಲ್ಲಿ ಬಫಲೋದಲ್ಲಿ ರೈಬೋನ್ಯೂಕ್ಲಿಯೇಸ್ ಎಂಬ ಪ್ರೋಟೀನಿನ ರಚನೆ ಬಿಡಿಸಿದ ತಂಡದಲ್ಲಿ ಅವರಿದ್ದರು.

1971ರಲ್ಲೇ ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ ಇನ್ನೊಂದು ಪ್ರಬಂಧ ಬರೆದರು. ಬೇರೆ ಬೇರೆ ದಿಕ್ಕಿನಿಂದ ತೆಗೆದ ಎಕ್ಸ್-ರೇ ನೆರಳುಗಳಿಂದ ಒಳಗಿನ ಚಿತ್ರವನ್ನು ಮತ್ತೆ ಕಟ್ಟುವ ಗಣಿತ ಅದರಲ್ಲಿತ್ತು. ಸಿಟಿ ಸ್ಕ್ಯಾನ್ ಯಂತ್ರಗಳ ಒಳಗೆ ಆ ಜಾತಿಯ ಲೆಕ್ಕವೇ ಓಡುತ್ತದೆ. ಅದು ಇನ್ನೊಂದೇ ಕಥೆ, ಇಲ್ಲಿ ಬೇಡ. 1977ರಲ್ಲಿ ಅವರು ರಾಯಲ್ ಸೊಸೈಟಿಯ ಫೆಲೋ ಆದರು. ನೊಬೆಲ್ ಬರಲಿಲ್ಲ. ಅದರ ಬಗ್ಗೆ ಮಾತಾಡಿ ಮಾತಾಡಿ ನಾವು ಅವರ ಕೆಲಸದ ಬಗ್ಗೆ ಮಾತಾಡುವುದನ್ನೇ ಮರೆಯುತ್ತೇವೆ ಅನ್ನುವುದು ನನ್ನ ಬೇಜಾರು.

ನಲವತ್ತು ವರ್ಷದ ಮೇಲೆ

ಹಾಗಾದರೆ ಆ ತಕರಾರಿನಲ್ಲಿ ಯಾರದ್ದು ಸರಿ? ಗೊತ್ತಾಗಲು 1994 ಬರಬೇಕಾಯಿತು. ಬೆಲ್ಲಾ, ಈಟನ್, ಬ್ರಾಡ್‌ಸ್ಕಿ, ಬರ್ಮನ್ ಎಂಬ ನಾಲ್ವರು ಕೊಲಾಜೆನ್ನಿನಂಥ ಒಂದು ಚಿಕ್ಕ ಪೆಪ್ಟೈಡನ್ನು ಹರಳು ಮಾಡಿ, 1.9 ಆಂಗ್‌ಸ್ಟ್ರಾಂ ಸ್ಪಷ್ಟತೆಯಲ್ಲಿ ನೋಡಿದರು. ಮೂರು ಎಳೆ, ಒಂದರ ಸುತ್ತ ಒಂದು, ನಡುವೆ ಗ್ಲೈಸಿನ್: ಮದ್ರಾಸಿನ ಮಾತು ನಿಂತಿತು. ಮೂರು ಅಮೈನೋ ಆಮ್ಲಕ್ಕೆ ನೇರ ಹೈಡ್ರೋಜನ್ ಬಂಧ ಒಂದೇ: ಕೇಂಬ್ರಿಜ್ ಮಾತು ನಿಂತಿತು. ಆ ಪೆಪ್ಟೈಡಿನಲ್ಲಿ ಬೇಕೆಂದೇ ಒಂದು ಕಡೆ ಗ್ಲೈಸಿನ್ ತೆಗೆದು ಅಲನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಇಟ್ಟಿದ್ದರು. ಒಂದೇ ಒಂದು ಪುಟ್ಟ ಪಕ್ಕಗುಂಪು ಜಾಸ್ತಿಯಾಗಿದ್ದಕ್ಕೆ ಹಗ್ಗ ಅಲ್ಲಿ ಸಡಿಲವಾಗಿತ್ತು. ತುಂಡಾದ ಬಂಧಗಳ ಜಾಗಕ್ಕೆ ನೀರಿನ ಅಣುಗಳು ಬಂದು ಕೂತಿದ್ದವು. ಹುಟ್ಟಿನಿಂದಲೇ ಮೂಳೆ ಸುಲಭವಾಗಿ ಮುರಿಯುವ ಒಂದು ಕಾಯಿಲೆ ಇದೆ. ಅದು ಇರುವ ಎಷ್ಟೋ ಮಕ್ಕಳಲ್ಲಿ ಕೊಲಾಜೆನ್ನಿನ ಒಂದೇ ಒಂದು ಗ್ಲೈಸಿನ್ ಬದಲಾಗಿರುತ್ತದೆ. ನಡುವಿನ ಜಾಗ ಎಷ್ಟು ಇಕ್ಕಟ್ಟು ಅಂತ 1954ರಲ್ಲಿ ಹೇಳಿದ್ದರ ಅರ್ಥ ಆ ಮಕ್ಕಳ ಎಕ್ಸ್-ರೇಯಲ್ಲಿ ಕಾಣುತ್ತದೆ.

ತೀರಾ ಹತ್ತಿರ ಬಂದ ಪರಮಾಣುಗಳ ಮಾತು ಇನ್ನೂ ಬಾಕಿಯಿತ್ತು. ಕಾರ್ಬನ್‌ಗೆ ಅಂಟಿದ ಹೈಡ್ರೋಜನ್ ಎದುರು ಸರಪಳಿಯ ಆಕ್ಸಿಜನ್ ಹತ್ತಿರಕ್ಕೆ ಬಂದರೆ, ಅದು ಡಿಕ್ಕಿಯೇ ಆಗಬೇಕಿಲ್ಲ, ಬಲ ಕಮ್ಮಿಯ ಒಂದು ಬಂಧವೂ ಆಗಿರಬಹುದು ಅಂತ ರಾಮಚಂದ್ರನ್ ಗುಂಪು 1960ರ ದಶಕದಲ್ಲೇ ಬರೆದಿತ್ತು. ಆಗ ಹೆಚ್ಚು ಜನ ಅದಕ್ಕೆ ಕಿವಿಗೊಡಲಿಲ್ಲ. 1996ರಲ್ಲಿ ಬೆಲ್ಲಾ ಮತ್ತು ಬರ್ಮನ್ ಅದೇ ಹರಳಿನ ರಚನೆಗೆ ವಾಪಸು ಹೋಗಿ ಈ ದೂರಗಳನ್ನು ಅಳೆದರು. ಮೂರು ಎಳೆಗಳ ನಡುವೆ ಉದ್ದಕ್ಕೂ ಅಂಥ ಬಂಧಗಳು ಇದ್ದವು.

ಆ ವರ್ಷ ರಾಮಚಂದ್ರನ್ ಅವರಿಗೆ 73 ವಯಸ್ಸು. ಪಾರ್ಕಿನ್ಸನ್ ಕಾಯಿಲೆ ಹಿಡಿದಿತ್ತು. 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ತೀರಿಕೊಂಡರು.